ಲೂಕಾ ಅವರನ್ನು ಕೇಳದೆ ಕಳಿಸಬಹುದೇ? ಒಂದು ವಾರದ ಅಮೆರಿಕನ್ ಕ್ರೀಡೆ ಎತ್ತಿದ ಪ್ರಶ್ನೆಗಳು

ಪ್ರಶ್ನೆ: ನಾವು ಡಾಲಸ್ ಪಕ್ಕದ ಫ್ರಿಸ್ಕೊದಲ್ಲಿದ್ದೇವೆ. 2025ರ ಫೆಬ್ರವರಿ ಮೊದಲ ವಾರ ಡಾಲಸ್ ಬ್ಯಾಸ್ಕೆಟ್‌ಬಾಲ್ ತಂಡದ ತಾರೆ ಲೂಕಾ ಡಾನ್ಚಿಚ್ ಅವರನ್ನು ರಾತ್ರೋರಾತ್ರಿ ಲಾಸ್ ಏಂಜಲೀಸ್ ತಂಡಕ್ಕೆ ಕಳಿಸಿದಾಗ ಮಗ ಊಟ ಬಿಟ್ಟು ಕೂತಿದ್ದ. ಈಗಲೂ ಮನೆಯಲ್ಲಿ ಆ ಮಾತು ನಿಂತಿಲ್ಲ. ಆಟಗಾರನನ್ನು ಒಂದು ಮಾತೂ ಕೇಳದೆ ಹೀಗೆ ಮಾಡಬಹುದೇ? ಅದೇ ವಾರದ ಸೂಪರ್ ಬೌಲ್‌ನಲ್ಲಿ, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ವರ್ಷದ ಫೈನಲ್‌ನಲ್ಲಿ, ಕಾನ್ಸಾಸ್ ಸಿಟಿ ಅಷ್ಟು ಹೀನಾಯವಾಗಿ ಸೋತದ್ದೇಕೆ? ಕಾಲೇಜು ಹುಡುಗರು ಮಾತ್ರ ವರ್ಷಕ್ಕೊಂದು ಕಾಲೇಜು ಬದಲಿಸಿ ಹಣ ಮಾಡುತ್ತಾರಲ್ಲ, ಅದು ಹೇಗೆ? ಮಗ ಶಾಲಾ ತಂಡದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಾನೆ, ಅವನದು ಎಚ್-4 ವೀಸಾ (ಎಚ್ ವರ್ಗದ ಕೆಲಸದ ವೀಸಾ ಇರುವವರ ಕುಟುಂಬಕ್ಕೆ ಕೊಡುವುದು). ಮುಂದೆ ಅವನಿಗೂ ಆ ಹಣ ಸಿಗುತ್ತದೆಯೇ?

ಉತ್ತರ: ಮೊದಲ ಪ್ರಶ್ನೆಗೆ ನೇರ ಉತ್ತರ: ಮಾಡಬಹುದು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಆಟಗಾರ ಸಹಿ ಹಾಕುವ ಏಕರೂಪದ ಕರಾರುಪತ್ರದಲ್ಲೇ, ಈ ಕರಾರನ್ನು ಇನ್ನೊಂದು ತಂಡಕ್ಕೆ ವರ್ಗಾಯಿಸುವ ಹಕ್ಕು ತಂಡಕ್ಕಿದೆ ಎಂಬ ಕಲಮು ಇರುತ್ತದೆ. ವರ್ಗವಾದರೆ ಸಾಗಾಟದ ನ್ಯಾಯವಾದ ಖರ್ಚನ್ನು ತಂಡ ಕೊಡಬೇಕು, ಆಟಗಾರ ಗಡುವಿನೊಳಗೆ ಹೊಸ ಊರಲ್ಲಿ ಹಾಜರಾಗಬೇಕು. ಹಾಜರಾಗದಿದ್ದರೆ ಅಮಾನತು, ಸಂಬಳಕ್ಕೆ ಕತ್ತರಿ. ಒಪ್ಪಿಗೆ ಕೇಳುವ ಮಾತೇ ಅಲ್ಲಿಲ್ಲ.

ಐಪಿಎಲ್ ನೋಡಿ ಬೆಳೆದ ನಮಗೆ ಇದು ವಿಚಿತ್ರ ಅನ್ನಿಸುವುದು ಸಹಜ. ಐಪಿಎಲ್‌ನಲ್ಲಿ ಟ್ರೇಡ್‌ಗೆ, ಅಂದರೆ ತಂಡದಿಂದ ತಂಡಕ್ಕೆ ವರ್ಗಾಯಿಸಲು, ಆಟಗಾರನ ಒಪ್ಪಿಗೆ ಬೇಕು. 2023ರ ನವೆಂಬರ್‌ನಲ್ಲಿ ಕ್ಯಾಮರಾನ್ ಗ್ರೀನ್ ಮುಂಬೈ ಬಿಟ್ಟು ಆರ್‌ಸಿಬಿಗೆ ಬಂದದ್ದು ಆ ನಿಯಮದಡಿ, ಅದೂ ಪೂರ್ತಿ ಹಣದ ವ್ಯವಹಾರ. ಎನ್‌ಬಿಎಯಲ್ಲಿ ಒಪ್ಪಿಗೆಯ ಹಕ್ಕು ಬೇಕೆಂದರೆ ಅದನ್ನು ಕರಾರಿನಲ್ಲಿ ಬರೆಸಿಕೊಳ್ಳಬೇಕು. ಹಾಗೆ ಬರೆಸಿಕೊಳ್ಳಲು ಎರಡು ಅರ್ಹತೆ ಇರಬೇಕು: ಲೀಗ್‌ನಲ್ಲಿ 8 ವರ್ಷ ಆಡಿರಬೇಕು, ಅದರಲ್ಲಿ 4 ವರ್ಷ ಅದೇ ತಂಡಕ್ಕೆ ಆಡಿರಬೇಕು. ಲೆಬ್ರಾನ್ ಜೇಮ್ಸ್ 2024ರ ಕರಾರಿನಲ್ಲಿ ಅದನ್ನು ಪಡೆದಿದ್ದರು. ಲೂಕಾ ಲೀಗ್‌ಗೆ ಬಂದದ್ದು 2018ರಲ್ಲಿ. ತಂಡವನ್ನು 2024ರ ಫೈನಲ್‌ವರೆಗೆ ಕೊಂಡೊಯ್ದ, ಐದು ವರ್ಷ ಸತತವಾಗಿ ಲೀಗ್‌ನ ಮೊದಲ ಐವರಲ್ಲಿ ಆಯ್ಕೆಯಾದ ಆಟಗಾರನಿಗೂ ಆ ರಕ್ಷಣೆ ಪಡೆಯುವಷ್ಟು ವರ್ಷ ಇನ್ನೂ ತುಂಬಿರಲಿಲ್ಲ.

ಫೆಬ್ರವರಿ 1ರ ಶನಿವಾರ ತಡರಾತ್ರಿ, ಪೂರ್ವ ಕರಾವಳಿಯ ಗಡಿಯಾರದಲ್ಲಿ ಆಗಲೇ ಭಾನುವಾರ, ಇಎಸ್‌ಪಿಎನ್‌ನ ಶಮ್ಸ್ ಚರಾನಿಯಾ ಸುದ್ದಿ ಹಾಕಿದಾಗ ಅವರ ಖಾತೆಯನ್ನೇ ಯಾರೋ ಹ್ಯಾಕ್ ಮಾಡಿದ್ದಾರೆ ಎಂದುಕೊಂಡವರು ಅನೇಕರು. ಸುದ್ದಿ ನಿಜವಾಗಿತ್ತು. ಲಾಸ್ ಏಂಜಲೀಸ್ ಲೇಕರ್ಸ್‌ಗೆ ಹೋದವರು ಲೂಕಾ, ಮ್ಯಾಕ್ಸಿ ಕ್ಲೀಬರ್, ಮಾರ್ಕೀಫ್ ಮಾರಿಸ್. ಡಾಲಸ್‌ಗೆ ಬಂದದ್ದು ಆಂಥನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ ಮತ್ತು ಲೇಕರ್ಸ್‌ನ 2029ರ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುವುದೇ ಡ್ರಾಫ್ಟ್, ಅದರಲ್ಲಿನ ಸರದಿಯೇ ಆಯ್ಕೆ). ಮೂರನೆಯದಾಗಿ ಯೂಟಾ ಜಾಜ್ ಸೇರಿತು. ಅದಕ್ಕೆ ಜೇಲನ್ ಹುಡ್-ಶಿಫಿನೊ ಮತ್ತು ಎರಡನೇ ಸುತ್ತಿನ ಎರಡು ಆಯ್ಕೆ ಸಿಕ್ಕವು. ಲೂಕಾಗೆ ಆಗ 25 ವರ್ಷ, ಡೇವಿಸ್‌ಗೆ 31.

ಯೂಟಾ ಏಕೆ ಬಂತು ಎಂಬುದು ಗೊತ್ತಾದರೆ ಎನ್‌ಬಿಎ ಟ್ರೇಡ್‌ಗಳ ಅರ್ಧ ಗುಟ್ಟು ತಿಳಿದಂತೆ. ಇಲ್ಲಿ ಆಟಗಾರನ ಬದಲಿಗೆ ಹಣ ಕೊಟ್ಟು ಮುಗಿಸುವಂತಿಲ್ಲ. ಕಳಿಸುವ ಸಂಬಳಕ್ಕೂ ಬರುವ ಸಂಬಳಕ್ಕೂ ತಾಳೆ ಇರಬೇಕು. 2024-25ರ ಋತುವಿನಲ್ಲಿ ಒಂದು ತಂಡದ ಒಟ್ಟು ಸಂಬಳದ ಮಿತಿ 14.06 ಕೋಟಿ ಡಾಲರ್. ಇದನ್ನು ದಾಟಬಹುದು, ಆದರೆ ದಾಟಿದಷ್ಟೂ ಬಿಗಿ ಹೆಚ್ಚುತ್ತದೆ. 17.08 ಕೋಟಿ ದಾಟಿದರೆ ದಂಡ ತೆರಿಗೆ. 17.81 ಕೋಟಿಯ ಗೆರೆಗೆ ಮೊದಲ ಏಪ್ರನ್ ಎನ್ನುತ್ತಾರೆ. ಅದರ ಮೇಲಿರುವ ತಂಡ ಕಳಿಸಿದ್ದಕ್ಕಿಂತ ಒಂದು ಡಾಲರ್ ಹೆಚ್ಚಿನ ಸಂಬಳವನ್ನೂ ವಾಪಸು ಪಡೆಯುವಂತಿಲ್ಲ. 18.89 ಕೋಟಿಯ ಎರಡನೇ ಏಪ್ರನ್ ದಾಟಿದರೆ ಇಬ್ಬರು ಆಟಗಾರರ ಸಂಬಳ ಒಟ್ಟುಗೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರಲೂ ಆಗದು. ಡಾಲಸ್ ಹಿಂದಿನ ಬೇಸಿಗೆಯಲ್ಲಿ ಕ್ಲೇ ಥಾಂಪ್ಸನ್ ಅವರನ್ನು, ಹಳೆಯ ತಂಡವೇ ಕರಾರು ಮಾಡಿ ಕಳಿಸಿಕೊಡುವ ದಾರಿಯಲ್ಲಿ ತಂದಿತ್ತು. ಆ ದಾರಿ ಹಿಡಿದ ತಂಡಕ್ಕೆ ಆ ವರ್ಷವಿಡೀ ಮೊದಲ ಏಪ್ರನ್ನೇ ಮೀರಲಾಗದ ಗೋಡೆ. ಲೂಕಾ ಮತ್ತು ಡೇವಿಸ್ ಇಬ್ಬರ ಸಂಬಳವೂ ಸುಮಾರು 4.3 ಕೋಟಿ ಡಾಲರ್, ಆದ್ದರಿಂದ ಮುಖ್ಯ ಅದಲುಬದಲು ಸಲೀಸು. ಕಷ್ಟ ಇದ್ದದ್ದು ಚಿಲ್ಲರೆಯಲ್ಲಿ. ಸಣ್ಣ ಸಂಬಳದ ಒಬ್ಬ ಆಟಗಾರನನ್ನು ಇಬ್ಬರ ಲೆಕ್ಕದಿಂದಲೂ ಹೊರಗಿಡಲು ಮೂರನೇ ಮನೆ ಬೇಕಾಯಿತು, ಅದೇ ಯೂಟಾ. ಹಾಗೆ ಜಾಗ ಕೊಟ್ಟವರಿಗೆ ಎರಡನೇ ಸುತ್ತಿನ ಆಯ್ಕೆಗಳನ್ನು ಕೊಡುವುದು ಈ ವ್ಯವಹಾರದ ರೂಢಿ.

ನಿಮ್ಮ ಮಗನ ಸಂಕಟಕ್ಕೆ ಇನ್ನೊಂದು ಕಾರಣ ಸೇರಿಸಬೇಕಾಗುತ್ತದೆ. ಟ್ರೇಡ್‌ನಿಂದ ಲೂಕಾ ಕಳೆದುಕೊಂಡದ್ದು ಊರು ಮಾತ್ರವಲ್ಲ. ಡಾಲಸ್‌ನಲ್ಲೇ ಉಳಿದಿದ್ದರೆ 2025ರ ಬೇಸಿಗೆಯಲ್ಲಿ ಐದು ವರ್ಷಕ್ಕೆ ಸುಮಾರು 34.5 ಕೋಟಿ ಡಾಲರ್‌ನ ಕರಾರಿಗೆ ಅವರು ಅರ್ಹರಾಗುತ್ತಿದ್ದರು. ಏಳರಿಂದ ಒಂಬತ್ತು ವರ್ಷ ಆಡಿದವರಿಗೆ ಸಾಮಾನ್ಯವಾಗಿ ತಂಡದ ಸಂಬಳದ ಮಿತಿಯ 30 ಶೇಕಡಾ ಗರಿಷ್ಠ. ಲೀಗ್‌ನ ಉನ್ನತ ಗೌರವಗಳನ್ನು ಗಳಿಸಿದ್ದರೆ 35 ಶೇಕಡಾ, ಆದರೆ ಅದನ್ನು ಕೊಡಬಹುದಾದದ್ದು ಅವರನ್ನು ಆರಿಸಿದ ತಂಡ ಅಥವಾ ಮೊದಲ ಕರಾರಿನ ಅವಧಿಯಲ್ಲೇ ತಂದುಕೊಂಡ ತಂಡ ಮಾತ್ರ. ಲೂಕಾರನ್ನು ಡ್ರಾಫ್ಟ್‌ನಲ್ಲಿ ಮೂರನೆಯವರಾಗಿ ಕರೆದದ್ದು ಅಟ್ಲಾಂಟಾ, ಅದೇ ರಾತ್ರಿ ಟ್ರೇ ಯಂಗ್ ಬದಲಿಗೆ ಪಡೆದದ್ದು ಡಾಲಸ್. ಹಾಗಾಗಿ ಡಾಲಸ್‌ಗೆ ಆ ಹಕ್ಕಿತ್ತು, ಲೇಕರ್ಸ್‌ಗೆ ಇರಲಿಲ್ಲ. ವಿಮಾನ ಹತ್ತಿದ ಕ್ಷಣಕ್ಕೆ 34.5 ಕೋಟಿಯ ಬಾಗಿಲು ಮುಚ್ಚಿತು. ಹೊಸ ತಂಡ ಆ ಬೇಸಿಗೆಯಲ್ಲಿ ಕೊಡಬಹುದಾಗಿದ್ದ ಅತಿ ದೊಡ್ಡ ಕರಾರು ನಾಲ್ಕು ವರ್ಷಕ್ಕೆ ಸುಮಾರು 22.9 ಕೋಟಿ.

ಜೊತೆಗೆ ತೆರಿಗೆ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮೇಲಿನ ದರ ಶೇ. 13ಕ್ಕೂ ಹೆಚ್ಚು. ಆಟಗಾರರು ತಾವು ಆಡುವ ಪ್ರತಿ ರಾಜ್ಯಕ್ಕೂ ಆ ದಿನಗಳ ಪಾಲಿನ ತೆರಿಗೆ ಕಟ್ಟಬೇಕು, ಆದರೂ ತವರು ಅಂಗಣದ ಪಂದ್ಯಗಳೇ ವರ್ಷದ ಅರ್ಧ.

ಇದಕ್ಕೆ ಲೂಕಾ ಕೊಟ್ಟ ಉತ್ತರ ಜಾಣತನದ್ದು. 2025ರ ಆಗಸ್ಟ್ 2ರಂದು ಅವರು ನಾಲ್ಕು ವರ್ಷದ ಕರಾರು ತೆಗೆದುಕೊಳ್ಳದೆ ಮೂರೇ ವರ್ಷಕ್ಕೆ, 16.5 ಕೋಟಿ ಡಾಲರ್‌ಗೆ ಸಹಿ ಹಾಕಿದರು. ಮೂರನೇ ವರ್ಷ ಉಳಿಯುವುದು ಬಿಡುವುದು ಅವರಿಷ್ಟ. ಅಂದರೆ 2028ರಲ್ಲಿ ಅವರು ಸ್ವತಂತ್ರರಾಗಬಹುದು. ಆ ಹೊತ್ತಿಗೆ ಲೀಗ್‌ನಲ್ಲಿ ಹತ್ತು ವರ್ಷ ತುಂಬಿರುತ್ತದೆ, ಹತ್ತು ವರ್ಷ ತುಂಬಿದವರಿಗೆ ಯಾವ ಗೌರವದ ಹಂಗೂ ಇಲ್ಲದೆ, ಯಾವ ತಂಡದಿಂದಲಾದರೂ 35 ಶೇಕಡಾ ಸಿಗುತ್ತದೆ. ಮುಚ್ಚಿದ ಬಾಗಿಲನ್ನು ಇನ್ನೊಂದು ಕಡೆಯಿಂದ ತೆರೆಯುವ ಲೆಕ್ಕ ಇದು. ಮಗನಿಗೆ ಇದನ್ನು ಖಂಡಿತ ವಿವರಿಸಿ.

ಡಾಲಸ್ ಹೀಗೇಕೆ ಮಾಡಿತು? ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್ ಬಹಿರಂಗವಾಗಿ ಕೊಟ್ಟ ಕಾರಣ ಒಂದೇ: ರಕ್ಷಣೆಯ ಆಟವೇ ಚಾಂಪಿಯನ್‌ಷಿಪ್ ಗೆಲ್ಲಿಸುತ್ತದೆ, ಡೇವಿಸ್ ಅದನ್ನು ತರುತ್ತಾರೆ. ವಾದ ಪೂರ್ತಿ ಹುರುಳಿಲ್ಲದ್ದಲ್ಲ. ಡೇವಿಸ್ ಒಳ್ಳೆಯ ದಿನ ಲೀಗ್‌ನ ಅತ್ಯುತ್ತಮ ರಕ್ಷಕರಲ್ಲಿ ಒಬ್ಬರು. ಆದರೆ ಮಾರಾಟದ ರೀತಿ ತಪ್ಪು, ಅದನ್ನು ಸಮರ್ಥಿಸಲು ಸಾಧ್ಯವಿಲ್ಲ. ಒಂದು ತಂಡದ ಜೊತೆ ಮಾತ್ರ ಗುಟ್ಟಾಗಿ ಮಾತಾಡಿ ಮುಗಿಸಿದರು. 2022ರಲ್ಲಿ ರೂಡಿ ಗೋಬೇರ್‌ಗಾಗಿ ಮಿನೆಸೋಟಾ ಮೊದಲ ಸುತ್ತಿನ ನಾಲ್ಕು ಆಯ್ಕೆ ಕೊಟ್ಟಿತ್ತು. 2024ರಲ್ಲಿ ಮಿಕಾಲ್ ಬ್ರಿಜಸ್‌ಗಾಗಿ ನ್ಯೂಯಾರ್ಕ್ ಐದು ಕೊಟ್ಟಿತ್ತು. ಅವರಿಬ್ಬರೂ ಲೂಕಾ ಎತ್ತರದ ಆಟಗಾರರಲ್ಲ. ಲೂಕಾಗೆ ಡಾಲಸ್ ಪಡೆದ ಮೊದಲ ಸುತ್ತಿನ ಆಯ್ಕೆ ಒಂದು. ಹತ್ತು ತಂಡಗಳ ಬಾಗಿಲು ತಟ್ಟಿದ್ದರೆ ಸುದ್ದಿ ಸೋರುತ್ತಿತ್ತು, ಅಭಿಮಾನಿಗಳು ರೊಚ್ಚಿಗೇಳುತ್ತಿದ್ದರು, ನಿಜ. ಸೋರಲಿ ಎಂದು ಬಿಟ್ಟಿದ್ದರೂ ಬೆಲೆಯಾದರೂ ಬರುತ್ತಿತ್ತು. ಆರು ವರ್ಷ ದೊಡ್ಡವರಾದ, ಗಾಯಗಳ ಚರಿತ್ರೆಯಿದ್ದ ಡೇವಿಸ್ ಡಾಲಸ್ ಪರ ಆಡಿದ ಮೊದಲ ಪಂದ್ಯದಲ್ಲೇ, ಫೆಬ್ರವರಿ 8ರಂದು, 26 ಅಂಕ ಗಳಿಸಿ ತೊಡೆಸಂದಿನ ಸ್ನಾಯು ನೋವಿನಿಂದ ಹೊರನಡೆದರು. ಮಾರ್ಚ್‌ನಲ್ಲಿ ಡಾಲಸ್‌ನ ಇನ್ನೊಬ್ಬ ತಾರೆ ಕೈರಿ ಅರ್ವಿಂಗ್ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡರು. ಏಪ್ರಿಲ್ 9ರಂದು ಲೂಕಾ ಡಾಲಸ್‌ಗೆ ಎದುರಾಳಿಯಾಗಿ ಬಂದು 45 ಅಂಕ ಹೊಡೆದರು. ಡ್ರಾಫ್ಟ್‌ನಲ್ಲಿ ಯಾರು ಮೊದಲು ಆರಿಸಬೇಕೆಂದು ನಿರ್ಧರಿಸುವ ಮೇ ತಿಂಗಳ ಲಾಟರಿಯಲ್ಲಿ ಶೇ. 1.8ರ ಸಾಧ್ಯತೆಯಿದ್ದ ಡಾಲಸ್‌ಗೆ ಮೊದಲ ಆಯ್ಕೆ ಒಲಿದು ಡ್ಯೂಕ್ ವಿಶ್ವವಿದ್ಯಾಲಯದ ಕೂಪರ್ ಫ್ಲಾಗ್ ಸಿಕ್ಕಿದ್ದು ನಗರಕ್ಕೆ ದೊಡ್ಡ ಸಮಾಧಾನ. ಹ್ಯಾರಿಸನ್ ಅವರನ್ನು 2025ರ ನವೆಂಬರ್ 11ರಂದು ಕೆಲಸದಿಂದ ತೆಗೆದರು.

ಅದೇ ವಾರ ಇನ್ನೊಂದು ಟ್ರೇಡ್ ಮುರಿದುಬಿತ್ತು, ಪಾಠ ಕಲಿಯಲು ಅದು ಲೂಕಾ ಪ್ರಕರಣಕ್ಕಿಂತ ಒಳ್ಳೆಯದು. ಡೇವಿಸ್ ಹೋದ ಮೇಲೆ ಲೇಕರ್ಸ್‌ಗೆ ಎತ್ತರದ ಸೆಂಟರ್ (ಬುಟ್ಟಿಯ ಬಳಿ ಆಡುವ ಆಟಗಾರ) ಬೇಕಿತ್ತು. ಷಾರ್ಲಟ್‌ನ ಮಾರ್ಕ್ ವಿಲಿಯಮ್ಸ್‌ಗಾಗಿ ಡಾಲ್ಟನ್ ಕನೆಕ್ಟ್, ಕ್ಯಾಮ್ ರೆಡಿಶ್ ಮತ್ತು 2031ರ ಮೊದಲ ಸುತ್ತಿನ ಆಯ್ಕೆ ಕೊಡಲು ಒಪ್ಪಿದರು. ಟ್ರೇಡ್ ಪೂರ್ಣವಾಗುವುದು ಹೊಸ ತಂಡದ ವೈದ್ಯರು ತಪಾಸಣೆ ಮಾಡಿ ಸರಿ ಎಂದ ಮೇಲೆ, ಅಥವಾ ತಂಡ ತಪಾಸಣೆ ಬೇಡವೆಂದು ಬಿಟ್ಟ ಮೇಲೆ. ವಿಲಿಯಮ್ಸ್ ತಪಾಸಣೆಯಲ್ಲಿ ತೇರ್ಗಡೆಯಾಗಲಿಲ್ಲ, ಫೆಬ್ರವರಿ 8ರಂದು ವ್ಯವಹಾರ ರದ್ದಾಯಿತು. ಟ್ರೇಡ್‌ಗಳ ಗಡುವು ಫೆಬ್ರವರಿ 6ರ ಮಧ್ಯಾಹ್ನ 3 ಗಂಟೆಗೇ ಮುಗಿದಿತ್ತು. ಬೇರೆ ಸೆಂಟರ್ ಹುಡುಕಲು ದಾರಿಯಿಲ್ಲ, ಕಳಿಸಿಬಿಟ್ಟೆವೆಂದುಕೊಂಡ ಆಟಗಾರರು ಅದೇ ಕೋಣೆಗೆ ಮರಳಿದರು. ಗಡುವಿನ ಹಿಂದಿನ ದಿನಕ್ಕೆ ಮಾತುಕತೆ ಎಳೆದರೆ ಇರುವ ಅಪಾಯ ಇದೇ.

ಆಟಗಾರನೇ ಬಿಡಿಸಿಕೊಂಡು ಹೋಗಬಹುದೇ? ಕೇಳಬಹುದು, ಅಷ್ಟೇ. ಫೆಬ್ರವರಿ 3ರಂದು ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಕ್ಲೀವ್‌ಲ್ಯಾಂಡ್ ತಂಡದ ಮೈಲ್ಸ್ ಗ್ಯಾರೆಟ್ ತನ್ನನ್ನು ಬೇರೆ ತಂಡಕ್ಕೆ ಕಳಿಸಿ ಎಂದು ಬಹಿರಂಗವಾಗಿ ಕೋರಿದರು. ತಂಡ ಒಪ್ಪಲಿಲ್ಲ, ಮಾರ್ಚ್‌ನಲ್ಲಿ ವರ್ಷಕ್ಕೆ ಸರಾಸರಿ 4 ಕೋಟಿ ಡಾಲರ್‌ನ ಹೊಸ ಕರಾರಿಗೆ ಅಲ್ಲೇ ಸಹಿ ಹಾಕಿದರು. ಮಯಾಮಿಯ ಜಿಮ್ಮಿ ಬಟ್ಲರ್ ಇನ್ನೊಂದು ದಾರಿ ಹಿಡಿದರು: ತಂಡದ ಜೊತೆ ಜಗಳ, ಜನವರಿಯಲ್ಲಿ ಮೂರು ಅಮಾನತು, ಕೊನೆಗೆ ಗೋಲ್ಡನ್ ಸ್ಟೇಟ್‌ಗೆ ಟ್ರೇಡ್. ಆ ದಾರಿ ಸಂಬಳ ಕಡಿತ ತಡೆದುಕೊಳ್ಳುವ ತಾಕತ್ತಿದ್ದವರಿಗೆ ಮಾತ್ರ.

ಇನ್ನು ಸೂಪರ್ ಬೌಲ್. ಫೆಬ್ರವರಿ 9, ನ್ಯೂ ಆರ್ಲಿಯನ್ಸ್. ಫಿಲಡೆಲ್ಫಿಯಾ ಈಗಲ್ಸ್ 40, ಕಾನ್ಸಾಸ್ ಸಿಟಿ ಚೀಫ್ಸ್ 22. ಈ ಅಂಕಪಟ್ಟಿ ಚೀಫ್ಸ್‌ನ ಮಾನ ಉಳಿಸಿದೆ ಎನ್ನಬೇಕು, ಏಕೆಂದರೆ ಅರ್ಧ ಆಟಕ್ಕೆ 24-0, ಆಮೇಲೆ 34-0 ಆಗಿತ್ತು. ಸತತ ಮೂರು ಸೂಪರ್ ಬೌಲ್ ಗೆದ್ದ ತಂಡ ಇಲ್ಲ, ಆ ದಾಖಲೆಗಾಗಿ ಬಂದವರು ಮೊದಲಾರ್ಧದಲ್ಲಿ ಮುಂದೆ ಸಾಗಿದ್ದು ಒಟ್ಟು 23 ಗಜ.

ಕಾರಣ ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಪ್ಯಾಟ್ರಿಕ್ ಮಹೋಮ್ಸ್ ಕೈಯಲ್ಲಿ ಇರಲಿಲ್ಲ, ಅವರನ್ನು ಕಾಯುವ ಮುಂದಿನ ಸಾಲಿನ ಗೋಡೆಯಲ್ಲಿತ್ತು. ಕ್ವಾರ್ಟರ್‌ಬ್ಯಾಕ್ ಮೇಲೆ ಒತ್ತಡ ತರಲು ಸಾಮಾನ್ಯವಾಗಿ ನಾಲ್ವರು ನುಗ್ಗುತ್ತಾರೆ. ಸಾಲದಿದ್ದರೆ ಐದನೆಯವನು, ಆರನೆಯವನು ನುಗ್ಗುತ್ತಾನೆ. ಅದೇ ಬ್ಲಿಟ್ಜ್. ನುಗ್ಗಿದವನು ಬಿಟ್ಟುಬಂದ ಜಾಗ ಖಾಲಿಯಾಗುತ್ತದೆ, ಮಹೋಮ್ಸ್ ಅಂಥ ಖಾಲಿ ಜಾಗ ಹುಡುಕುವುದರಲ್ಲಿ ನಿಪುಣರು. ಈಗಲ್ಸ್ ರಕ್ಷಣೆಯ ಕೋಚ್ ವಿಕ್ ಫ್ಯಾಂಜಿಯೊ ಪಂದ್ಯವಿಡೀ ಒಂದೇ ಒಂದು ಬ್ಲಿಟ್ಜ್ ಮಾಡಿಸಲಿಲ್ಲ. ನಾಲ್ವರೇ ನುಗ್ಗಿದರು, ಏಳು ಜನ ಹಿಂದೆ ನಿಂತು ದಾರಿಗಳನ್ನೆಲ್ಲ ಮುಚ್ಚಿದರು. ಆ ನಾಲ್ವರಿಗೇ ಆರು ಸ್ಯಾಕ್ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಸಿಕ್ಕವು. ಜಾಶ್ ಸ್ವೆಟ್ ಒಬ್ಬರಿಗೇ ಎರಡೂವರೆ. ಚೀಫ್ಸ್ ಕಡೆ ಆ ಗೋಡೆಯ ಎಡತುದಿಯ ಟ್ಯಾಕಲ್ ಜಾಗಕ್ಕೆ ಸರಿಯಾದ ಆಳಿಲ್ಲದೆ, ಪಕ್ಕದ ಗಾರ್ಡ್ ಜಾಗದಲ್ಲಿದ್ದ ಜೋ ಥೂನಿ ಅವರನ್ನು ಋತುವಿನ ಕೊನೆಯಲ್ಲಿ ಅಲ್ಲಿಗೆ ಸರಿಸಿದ್ದರು. ಒಂದು ತೂತು ಮುಚ್ಚಲು ಹೋಗಿ ಎರಡು ಜಾಗ ದುರ್ಬಲವಾಯಿತು, ಈಗಲ್ಸ್ ಆ ಕಡೆ ಬಿಡದೆ ಹಿಂಡಿತು. ಈಗಲ್ಸ್‌ನ ಕೂಪರ್ ಡಿಜೀನ್ ತಮ್ಮ 22ನೇ ಹುಟ್ಟುಹಬ್ಬದ ದಿನ ಮಹೋಮ್ಸ್ ಎಸೆತ ಕದ್ದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವುದು) ಮಾಡಿದ್ದು ಈ ಒತ್ತಡದ ಫಲವೇ.

ಇನ್ನೊಂದು ಗಮನಿಸಿ. ಋತುವಿಡೀ ಓಡಿ ಓಡಿ ದಾಖಲೆ ಮಾಡಿದ್ದ ಈಗಲ್ಸ್‌ನ ಸೇಕ್ವಾನ್ ಬಾರ್ಕ್ಲಿ ಅವರನ್ನು ಚೀಫ್ಸ್ 57 ಗಜಕ್ಕೆ ಕಟ್ಟಿಹಾಕಿತು. ಯೋಜನೆಯ ಅರ್ಧ ಸರಿಯೇ ಇತ್ತು. ಆದರೆ ಅವರ ಮೇಲೆ ಕಣ್ಣಿಟ್ಟಾಗ ಈಗಲ್ಸ್ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ 22 ಎಸೆತಗಳಲ್ಲಿ 17 ಕೈಸೇರಿಸಿ 221 ಗಜ ಗಳಿಸಿದರು, ತಾವೇ 72 ಗಜ ಓಡಿದರು, ಪಂದ್ಯದ ಶ್ರೇಷ್ಠ ಆಟಗಾರರಾದರು. ಹಿಂದಿನಿಂದ ಸಹ ಆಟಗಾರರು ತಳ್ಳಿ ಮುನ್ನುಗ್ಗಿಸುವ ಅವರ ಆಟ, ಟಷ್ ಪುಷ್, ಮೊದಲ ಟಚ್‌ಡೌನ್ ಕೊಟ್ಟಿತು. ಅದನ್ನು ನಿಷೇಧಿಸಬೇಕೆಂದು ಮೇ ತಿಂಗಳಲ್ಲಿ ತಂಡದ ಮಾಲೀಕರು ಮತ ಹಾಕಿದಾಗ 22-10 ಬಂತು, ಬೇಕಿದ್ದದ್ದು 24.

ವಾರದ ಮತ್ತೊಂದು ಜಗಳ ಎನ್‌ಎಫ್‌ಎಲ್‌ನ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿಯದು. ಫೆಬ್ರವರಿ 6ರಂದು ಅದು ಬಫಲೊದ ಜಾಶ್ ಆಲನ್‌ಗೆ ಸಿಕ್ಕಿತು. 50 ಮತದಾರರಲ್ಲಿ 27 ಮಂದಿ ಅವರಿಗೆ ಮೊದಲ ಸ್ಥಾನ ಕೊಟ್ಟರು, 23 ಮಂದಿ ಬಾಲ್ಟಿಮೋರ್‌ನ ಲಮಾರ್ ಜಾಕ್ಸನ್‌ಗೆ. ವರ್ಷದ ಅತ್ಯುತ್ತಮ ತಂಡ ಆರಿಸುವಾಗ ಮಾತ್ರ ಕ್ವಾರ್ಟರ್‌ಬ್ಯಾಕ್ ಸ್ಥಾನ ಜಾಕ್ಸನ್ ಪಾಲಾಗಿತ್ತು. ವಿರೋಧಾಭಾಸ ಎನ್ನಿಸಿದರೂ ಪ್ರಶ್ನೆ ಬೇರೆಬೇರೆ: ಯಾರು ಚೆನ್ನಾಗಿ ಆಡಿದರು ಎಂಬುದು ಒಂದು, ಯಾರಿಲ್ಲದಿದ್ದರೆ ತಂಡ ಕುಸಿಯುತ್ತಿತ್ತು ಎಂಬುದು ಇನ್ನೊಂದು.

ಈಗ ಕಾಲೇಜಿಗೆ ಬರೋಣ, ನಿಮಗೆ ನೇರವಾಗಿ ತಟ್ಟುವ ಭಾಗ ಇದೇ. ವೃತ್ತಿಪರ ಲೀಗ್‌ನಲ್ಲಿ ತಂಡದ ಕೈ ಮೇಲು. ಕಾಲೇಜಿನಲ್ಲಿ ಕೆಲವೇ ವರ್ಷಗಳಲ್ಲಿ ಆಟಗಾರನ ಕೈ ಮೇಲಾಗಿದೆ. 2021ರ ಜುಲೈ 1ರವರೆಗೆ ಕಾಲೇಜು ಆಟಗಾರ ತನ್ನ ಹೆಸರು, ಚಿತ್ರ ಬಳಸಿ ಹಣ (ಇದಕ್ಕೇ ಎನ್‌ಐಎಲ್ ಎನ್ನುತ್ತಾರೆ) ಗಳಿಸಿದರೆ ಅನರ್ಹನಾಗುತ್ತಿದ್ದ. ಅದಕ್ಕೆ ಹತ್ತು ದಿನ ಮುಂಚೆ ಅಮೆರಿಕದ ಸುಪ್ರೀಂ ಕೋರ್ಟ್ 9-0 ತೀರ್ಪಿನಲ್ಲಿ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎಯ ಬೇರೊಂದು ನಿರ್ಬಂಧವನ್ನು ಹೊಡೆದುಹಾಕಿದ ಮೇಲೆ ಆ ಕಟ್ಟುಗಳು ಸಡಿಲವಾದವು. ಕಾಲೇಜು ಬದಲಿಸಿದರೆ ಒಂದು ವರ್ಷ ಬೆಂಚ್ ಮೇಲೆ ಕೂರಬೇಕೆಂಬ ಹಳೆಯ ನಿಯಮ 2021ರಲ್ಲಿ ಮೊದಲ ಬದಲಾವಣೆಗೆ ಹೋಯಿತು. ನ್ಯಾಯಾಲಯದ ಒತ್ತಡದಿಂದ 2024ರ ಏಪ್ರಿಲ್‌ನಲ್ಲಿ ಪೂರ್ತಿ ಹೋಯಿತು. ಓದಿನ ಅರ್ಹತೆ ಇದ್ದರೆ ಎಷ್ಟು ಸಲ ಬೇಕಾದರೂ ಹೋಗಬಹುದು. ಟೆನೆಸಿಯ ಕ್ವಾರ್ಟರ್‌ಬ್ಯಾಕ್ ನಿಕೊ ಇಯಾಮಲೇವಾ 2025ರ ಏಪ್ರಿಲ್‌ನಲ್ಲಿ ಹಣದ ಮಾತುಕತೆ ಕೆಟ್ಟ ಮೇಲೆ ತಂಡ ಬಿಟ್ಟು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ ಯುಸಿಎಲ್‌ಎ ಸೇರಿದರು. ಲೂಕಾಗೆ ಇಲ್ಲದ ಸ್ವಾತಂತ್ರ್ಯ ಅದು.

ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅಂಗೀಕರಿಸಿದ ರಾಜಿಯಿಂದ ಇನ್ನೊಂದು ಹೆಜ್ಜೆ ಬಿತ್ತು. ಹಿಂದಿನ ವರ್ಷಗಳ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ. ಜುಲೈ 1ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. 2025-26ಕ್ಕೆ ಪ್ರತಿ ಕಾಲೇಜಿಗೆ ಮಿತಿ ಸುಮಾರು 2.05 ಕೋಟಿ ಡಾಲರ್. ಇದನ್ನು ಹೇಗೆ ಹಂಚಬೇಕೆಂಬ ನಿಯಮವಿಲ್ಲ, ಆದರೆ ಅನೇಕ ದೊಡ್ಡ ಕಾಲೇಜುಗಳು ಮುಕ್ಕಾಲು ಪಾಲನ್ನು ಫುಟ್‌ಬಾಲ್‌ಗೆ, ಸುಮಾರು 15 ಶೇಕಡಾವನ್ನು ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ ಇಡುತ್ತವೆ. ಈಜು, ಟೆನ್ನಿಸ್, ಓಟದ ಮಕ್ಕಳಿಗೆ ಉಳಿಯುವುದು ಚೂರುಪಾರು. ಇದು ನ್ಯಾಯವೆಂದು ಹೇಳಲು ಮನಸ್ಸು ಬಾರದು, ಆದರೆ ಟಿವಿಯ ಹಣ ಬರುವುದು ಆ ಎರಡು ಆಟದಿಂದ. ತಂಡದ ಗಾತ್ರಕ್ಕೂ ಮಿತಿ ಬಂದಿದೆ: ಫುಟ್‌ಬಾಲ್‌ಗೆ 105, ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ 15. ಹೊರಗಿನ ಕಂಪನಿಗಳ ಜೊತೆಗಿನ 600 ಡಾಲರ್ ಅಥವಾ ಹೆಚ್ಚಿನ ಒಪ್ಪಂದವನ್ನು ಐದು ಕೆಲಸದ ದಿನಗಳೊಳಗೆ ಎನ್‌ಐಎಲ್ ಗೋ ಎಂಬ ವ್ಯವಸ್ಥೆಗೆ ವರದಿ ಮಾಡಬೇಕು. ನಿಜವಾದ ಜಾಹೀರಾತೋ, ಆಟಗಾರನನ್ನು ಸೆಳೆಯಲು ಕೊಟ್ಟ ಹಣವೋ ಎಂದು ಅಲ್ಲಿ ಪರಿಶೀಲಿಸುತ್ತಾರೆ.

ನಿಮ್ಮ ಮಗನ ವಿಷಯ. ಎಚ್-4ರಲ್ಲಿ ಶಾಲೆ, ಕಾಲೇಜು ತಂಡದಲ್ಲಿ ಆಡಲು ಅಡ್ಡಿಯಿಲ್ಲ, ಕ್ರೀಡಾ ವಿದ್ಯಾರ್ಥಿವೇತನ ಪಡೆಯಲೂ ಅಡ್ಡಿಯಿಲ್ಲ, ಅದು ಉದ್ಯೋಗವಲ್ಲ. ತೊಡಕಿರುವುದು ಹಣಕ್ಕಾಗಿ ಮಾಡುವ ಕೆಲಸದಲ್ಲಿ: ಜಾಹೀರಾತಿನ ಚಿತ್ರೀಕರಣ, ಹಣ ಪಡೆದ ಇನ್‌ಸ್ಟಾಗ್ರಾಂ ಪೋಸ್ಟ್, ಅಂಗಡಿಯಲ್ಲಿ ಹಸ್ತಾಕ್ಷರ. ಎಚ್-4 ಮಕ್ಕಳಿಗೆ ಕೆಲಸದ ಅನುಮತಿ ಇಲ್ಲ. 21 ತುಂಬಿ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾದರೂ ಅನುಮತಿ ಇರುವುದು ಮುಖ್ಯವಾಗಿ ಕ್ಯಾಂಪಸ್ ಒಳಗೆ, ಪಾಠ ನಡೆಯುವಾಗ ವಾರಕ್ಕೆ 20 ಗಂಟೆ. ಎನ್‌ಐಎಲ್ ಕೆಲಸ ಅದರಲ್ಲಿ ಸೇರುವುದಿಲ್ಲ. ಕಾಲೇಜು ನೇರವಾಗಿ ಕೊಡುವ ಪಾಲಿನ ಹಣಕ್ಕೂ ಇದೇ ಅನುಮಾನ ಅಂಟಿಕೊಂಡಿದೆ. ನಿಯಮ ಮೀರಿದರೆ ಹೋಗುವುದು ಹಣ ಮಾತ್ರವಲ್ಲ, ವೀಸಾ ಸ್ಥಿತಿಯೇ ಹೋಗುತ್ತದೆ, ಮುಂದಿನ ಗ್ರೀನ್ ಕಾರ್ಡ್ ಅರ್ಜಿಗೂ ಏಟು ಬೀಳುತ್ತದೆ. ಕೆಂಟಕಿಗೆ ಆಡುತ್ತಿದ್ದ ಕಾಂಗೊದ ಆಸ್ಕರ್ ಷೀಬ್ವೆ 2022ರ ಆಗಸ್ಟ್‌ನಲ್ಲಿ ತಂಡ ಬಹಾಮಾಸ್‌ಗೆ ಹೋದಾಗ ಒಪ್ಪಂದದ ಕೆಲಸಗಳನ್ನು ಅಲ್ಲಿ ಮುಗಿಸಿದರು. ಅಮೆರಿಕದ ನೆಲದ ಹೊರಗೆ ಮಾಡಿದ ಕೆಲಸ ಎಂಬುದು ಅಲ್ಲಿನ ಆಧಾರ. ಬೆಂಗಳೂರಿಗೆ ರಜೆಗೆ ಬಂದಾಗ ಇದೇ ದಾರಿ ಸಾಧ್ಯವಿರಬಹುದು, ಆದರೆ ವಕೀಲರ ಲಿಖಿತ ಸಲಹೆ ಇಲ್ಲದೆ ಮುಟ್ಟಬೇಡಿ.

ಗ್ರೀನ್ ಕಾರ್ಡ್ ಸಿಕ್ಕರೆ, ಅಥವಾ ಗ್ರೀನ್ ಕಾರ್ಡ್‌ನ ಕೊನೆಯ ಹಂತದ ಐ-485 ಅರ್ಜಿ ಬಾಕಿ ಇದ್ದು ಅದರಡಿ ಕೆಲಸದ ಅನುಮತಿ ಪತ್ರ ಬಂದರೆ, ಈ ತೊಡಕು ಇಲ್ಲ. ಭಾರತದಲ್ಲಿ ಹುಟ್ಟಿದವರ ಸಾಲು ಉದ್ದವಿರುವುದರಿಂದ ಮಗನಿಗೆ 21 ತುಂಬುವ ದಿನಾಂಕವನ್ನೂ ನಿಮ್ಮ ಪ್ರಯಾರಿಟಿ ಡೇಟನ್ನೂ (ಆ ಸಾಲಿನಲ್ಲಿ ನಿಮ್ಮ ಜಾಗ ಗುರುತಿಸುವ ದಿನಾಂಕ) ಪಕ್ಕದಲ್ಲಿಟ್ಟು ಈಗಲೇ ವಲಸೆ ವಕೀಲರಿಗೆ ತೋರಿಸಿ. ಕಾಲೇಜು ಕೋಚ್‌ಗಳ ಜೊತೆ ಮಾತುಕತೆ ಶುರುವಾದಾಗ ಎರಡು ಪ್ರಶ್ನೆ ಮೊದಲ ದಿನವೇ ಕೇಳಿ: ಪೌರತ್ವವಿಲ್ಲದ ಆಟಗಾರರಿಗೆ ನೀವು ಹಣದ ಪಾಲು ಹೇಗೆ ಕೊಡುತ್ತೀರಿ, ಕೊಡದಿದ್ದರೆ ಅದರ ಬದಲಿಗೆ ಪೂರ್ಣ ವಿದ್ಯಾರ್ಥಿವೇತನ ಎಷ್ಟು ವರ್ಷಕ್ಕೆ ಬರೆದುಕೊಡುತ್ತೀರಿ? ಉತ್ತರ ಇಮೇಲ್‌ನಲ್ಲಿ ಪಡೆಯಿರಿ. ಮಗ ಮುಂದೆ ಎಫ್-1ರಲ್ಲಿದ್ದರೆ, ಯಾರೇ ಒಪ್ಪಂದದ ಕಾಗದ ಮುಂದಿಟ್ಟರೂ, ಒಂದು ಟಿ-ಷರ್ಟ್ ಉಚಿತ ಕೊಡುವ ಅಂಗಡಿಯವರೇ ಆದರೂ, ಸಹಿ ಹಾಕುವ ಮೊದಲು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಅಧಿಕಾರಿಗೆ ಅದನ್ನು ತೋರಿಸಲಿ.